ಜೊನ್ನಗಿರಿ: ಗಣಿಗೆ ಮುಂಚೆ ಒಂದು ಗುಂಡಿ

ಗುತ್ತಿಯಿಂದ ಪತ್ತಿಕೊಂಡದ ದಾರಿ ಹಿಡಿದರೆ ಸುಮಾರು 13 ಕಿ.ಮೀ.ಗೆ ಎರ್ರಗುಡಿ. ಆದೋನಿ, ಆಲೂರಿನ ಕನ್ನಡಿಗರಿಗೆ ಇದು ಪಕ್ಕದ ಸೀಮೆ. ಇಲ್ಲಿನ ಬಂಡೆಗಳ ಮೇಲೆ ಅಶೋಕನ 14 ದೊಡ್ಡ ಶಾಸನಗಳೂ 2 ಕಿರುಶಾಸನಗಳೂ ಇವೆ. ಪಕ್ಕದ ಜೊನ್ನಗಿರಿಯೇ ಅಶೋಕನ ಕಾಲದ ಸುವರ್ಣಗಿರಿ ಪಟ್ಟಣ ಎನ್ನುವ ವಿದ್ವಾಂಸರಿದ್ದಾರೆ. ಅಲ್ಲ, ಅದು ನಮ್ಮ ಕನಕಗಿರಿ ಎನ್ನುವವರೂ ಇದ್ದಾರೆ. ಹೆಸರಿನ ಜಗಳ ಏನೇ ಇರಲಿ, ಚಿನ್ನ ಮಾತ್ರ ಜೊನ್ನಗಿರಿಯಲ್ಲಿ ನಿಜವಾಗಿಯೂ ಇದೆ. ಗಣಿ ಗುತ್ತಿಗೆಯ ವಿಸ್ತೀರ್ಣ ಸುಮಾರು 598 ಹೆಕ್ಟೇರ್.

ಗಣಿ ತೋಡುವಾಗ ಹಳೆಯದನ್ನು ಕಾಯಲು ಕಾನೂನಿಲ್ಲವೇ? ಇದೆ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಒಂದು ಬಿಂದುವಿನ ಸುತ್ತ 300 ಮೀಟರ್ ವೃತ್ತ ಎಳೆದರೆ 28 ಹೆಕ್ಟೇರ್ ಚಿಲ್ಲರೆ. ಕಾಯ್ದೆ ಕಾಯುವುದು ಕಂಡದ್ದನ್ನು. ಮಣ್ಣಡಿ ಇದ್ದು ಯಾರೂ ಕಾಣದ ಊರಿಗೆ ಗಡಿಯೂ ಇಲ್ಲ, ವೃತ್ತವೂ ಇಲ್ಲ.

ಕಾಣದ್ದನ್ನು ಮೊದಲೇ ಹುಡುಕುವ ದಾರಿಯೂ ಇದೆ. ಐರ್ಲೆಂಡಿನಲ್ಲಿ ಮನೆ, ಹೋಟೆಲು ಕಟ್ಟುವವರು ಎಷ್ಟೋ ಕಡೆ ಮೊದಲು ಪರೀಕ್ಷಾ ಕಂದಕ ತೋಡಿಸಬೇಕು, ಖರ್ಚೂ ಕಟ್ಟುವವರದೇ. ಯಂತ್ರಕ್ಕೆ ಹಲ್ಲಿಲ್ಲದ ಬಕೆಟ್ ಹಾಕಿ ಮೇಲ್ಮಣ್ಣು ಕೆರೆಯುತ್ತಾರೆ. ಇದನ್ನೇ ಜೊನ್ನಗಿರಿಯಷ್ಟು ನೆಲಕ್ಕೆ ಹಚ್ಚಿ ನೋಡೋಣ. ಲೆಕ್ಕ ನನ್ನದು, ಅಂದಾಜಿನದು.

ಮೊದಲು ಕೈಯಿಂದ ತೋಡುವ ಗುಂಡಿ. 1 ಮೀಟರ್ ಉದ್ದ, ಅಗಲ, ಆಳದ ಗುಂಡಿಯಲ್ಲಿ ಒಂದೂವರೆ ಟನ್ ಮಣ್ಣು. 15 ಕಿಲೋ ಬುಟ್ಟಿಯಲ್ಲಿ 100 ಬುಟ್ಟಿ. 10 ಸೆಂ.ಮೀ.ಗೆ ಒಂದು ಪದರದಂತೆ ಇಳಿಯಬೇಕು, ಪ್ರತಿ ಬುಟ್ಟಿಯನ್ನೂ ಜರಡಿ ಹಿಡಿಯಬೇಕು. ಮಸಾರಿ ಮಣ್ಣಾದರೆ ಒಣಗಿದ್ದರೂ ಸರಾಗ ಉದುರುತ್ತದೆ. ಎರೆಮಣ್ಣಿನ ಹೆಂಟೆ ಜಗ್ಗುವುದಿಲ್ಲ. ನೀರಲ್ಲಿ ನೆನೆಸಿ ಕರಗಿಸಿದ ಮೇಲೇ ಒಳಗಿನ ಮಣಿ, ಸುಟ್ಟ ಕಾಳು ಕೈಗೆ ಬರುವುದು. ನಾಲ್ವರಿಗೆ ಎರಡು ದಿನದ ಕೆಲಸ. ಆಂಧ್ರದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹307. ಒಂದು ಗುಂಡಿಗೆ ₹2,456. ಹೆಕ್ಟೇರಿಗೊಂದರಂತೆ 598 ಗುಂಡಿಗೆ ₹14.7 ಲಕ್ಷ.

ಆದರೂ ಇಷ್ಟು ಗುಂಡಿಯಲ್ಲಿ ಕಾಣುವುದು ನೆಲದ ಹತ್ತು ಸಾವಿರದಲ್ಲಿ ಒಂದು ಪಾಲು! ಶೇ 2 ನೋಡಬೇಕೆಂದರೆ 2 ಮೀಟರ್ ಅಗಲದ ಕಂದಕ 59.8 ಕಿ.ಮೀ. ಬೇಕು. ಜೆಸಿಬಿಗೆ ಗಂಟೆಗೆ ₹1,200, ನಿಗಾ ಇಟ್ಟು ಗಂಟೆಗೆ 25 ಮೀಟರ್ ಎಂದರೆ 2,392 ಗಂಟೆ, ₹28.7 ಲಕ್ಷ. ಎರಡೂ ಸೇರಿ ₹43.4 ಲಕ್ಷ. ತಜ್ಞರ ಸಂಬಳ, ಕಾರ್ಬನ್ ಪರೀಕ್ಷೆ ಬೇರೆ. 10 ಗ್ರಾಂ ಚಿನ್ನಕ್ಕೆ ₹1 ಲಕ್ಷ ಎಂದು ಹಿಡಿದರೂ ಇದು 434 ಗ್ರಾಂ. ಅರ್ಧ ಕಿಲೋ ಕೂಡ ಆಗಲಿಲ್ಲ. ದುಬಾರಿ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಹುಡುಕುವ ಕಣ್ಣಿಗಂತೂ ಕೊರತೆಯಿಲ್ಲ. ಮುಂಗಾರು ಬಿದ್ದೊಡನೆ ಇದೇ ಜೊನ್ನಗಿರಿ, ತುಗ್ಗಲಿಯ ಹೊಲಗಳಲ್ಲಿ ಜನ ಬಗ್ಗಿ ವಜ್ರ ಹುಡುಕುತ್ತಾರೆ. ಹಾಗೆ ಹುಡುಕುವವರಿಗೊಂದು ಮಾತು: 1878ರ ನಿಧಿ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಮಣ್ಣಡಿ ಹುದುಗಿದ್ದ ನಿಧಿ ಸಿಕ್ಕಿ ಅದರ ಬೆಲೆ ₹10 ಮೀರಿದರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು.