ಸಂಜೆಮಲ್ಲಿಗೆ ಬೀಜ ಕಲಿಸಿದ ಪಾಠ

2021ರ ಮುಂಗಾರಿನಲ್ಲಿ ನಮ್ಮ ಅವ್ವ ಕಮಲಾಪುರ ಬಿಟ್ಟು ಕಲಬುರಗಿಯ ನಮ್ಮ ಮನೆಗೆ ಇರಲು ಬಂದಳು. ಬರುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಸಂಜೆಮಲ್ಲಿಗೆ ಬೀಜ ಕಟ್ಟಿಕೊಂಡು ಬಂದಿದ್ದಳು. ಅವಳ ಹಿತ್ತಲದಲ್ಲಿ ತಾನೇ ಹುಟ್ಟಿ ತಾನೇ ಬೆಳೆಯುವ ಗಿಡ. ಅದರಲ್ಲಿ ಬಿಳಿ ಹೂವಿನದೆಂದರೆ ಅವ್ವನಿಗೆ ಹೆಚ್ಚು ಇಷ್ಟ. ವಯಸ್ಸಾಗಿ ಕಣ್ಣು ಮಂಜಾಗಿವೆ. "ಸಂಜೀಕ ಕೆಂಪ ಹೂ ಕಾಣಂಗಿಲ್ಲವ್ವಾ. ಬಿಳೀದೊಂದ ಕಾಣ್ತದ" ಎನ್ನುತ್ತಿದ್ದಳು.

ಹೂವಿನ ಗಿಡ ಬೆಳೆಸುವುದರಲ್ಲಿ ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ತೊಗರಿ ಬಿತ್ತುವವರಿಗೆ ಹೂವಿನ ಬೀಜ ಯಾವ ಲೆಕ್ಕ? ಆದರೆ ಈ ಒಂದು ಹಿಡಿ ಬೀಜ ನನಗೆ ಎರಡು ವರ್ಷ ಪಾಠ ಹೇಳಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಕೊಳೆತು ಹೋಯಿತು

ನಮ್ಮ ಮನೆಯ ಹಿಂದೆ ಇರುವುದು ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಜಾಗ. ಮಣ್ಣು ಅಪ್ಪಟ ಎರಿ. ಜೂನ್ ಮೊದಲ ಮಳೆ ಬಿದ್ದ ಮಾರನೆಯ ದಿನವೇ ಇಪ್ಪತ್ತು ಬೀಜ ಊರಿದೆ. ಮುಂದೆ ನಾಲ್ಕು ದಿನ ಬಿಡದೆ ಮಳೆ. ಎರಿ ಮಣ್ಣು ನೀರು ಹಿಡಿದು ಅಂಟಾಯಿತು. ಎರಡು ವಾರ ಕಾದು ಕೆದರಿ ನೋಡಿದರೆ ಬೀಜ ಮೆತ್ತಗಾಗಿ ಕೊಳೆತಿದ್ದವು. ಮೂರು ಮಾತ್ರ ಮೊಳೆತಿದ್ದವು, ಅವನ್ನೂ ಬಸವನಹುಳು ತಿಂದವು.

ಅವ್ವ ನಕ್ಕಳು. "ನಮ್ಮೂರ ಮಣ್ಣ ಬ್ಯಾರೆ, ಇದ ಬ್ಯಾರೆ" ಎಂದಳು. ಕಮಲಾಪುರ ಇಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ದಾರಿ ಅಷ್ಟೆ. ಆದರೆ ಅಲ್ಲಿನ ಬಾಳೆ ತೋಟದ ತಗ್ಗಿನಲ್ಲಿ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ.

ಎರಡನೆಯ ಸಲ ಹೀಗೆ ಮಾಡಿದೆ. ನೆಲದಿಂದ ಒಂದು ಗೇಣು ಎತ್ತರಕ್ಕೆ ಮಡಿ ಏರಿಸಿದೆ. ಎರಡು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಬೆರೆಸಿದೆ. ಬೀಜದ ಸಿಪ್ಪೆ ಗಟ್ಟಿ. ಅದಕ್ಕೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಅರ್ಧದಿಂದ ಮುಕ್ಕಾಲು ಅಂಗುಲ ಆಳದಲ್ಲಿ ಊರಿದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರ ಬಿಟ್ಟೆ. ಒಂಬತ್ತನೆಯ ದಿನದಿಂದ ಮೊಳಕೆ ಕಾಣಿಸಿತು. ಹನ್ನೊಂದು ಗಿಡ ನಿಂತವು. ಪಾತ್ರೆ ತೊಳೆದ ನೀರೇ ಸಾಕಾಯಿತು.

ಹನ್ನೊಂದರಲ್ಲಿ ಒಂದೂ ಬಿಳಿಯಿಲ್ಲ!

ಸೆಪ್ಟೆಂಬರಿನಲ್ಲಿ ಹೂ ಬಂತು. ಸಂಜೆ ನಾಲ್ಕೂವರೆ ಐದಕ್ಕೆ ಅರಳಿ, ಮಾರನೆಯ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಮುದುಡುವುದು ಇದರ ಸ್ವಭಾವ. ಮೋಡವಿದ್ದ ದಿನ ಇನ್ನಷ್ಟು ಹೊತ್ತು ಅರಳಿರುತ್ತದೆ. ಮಕ್ಕಳು ದಾರವೇ ಇಲ್ಲದೆ ಹೂವಿನ ಉದ್ದ ಕೊಳವೆಗಳನ್ನು ಒಂದಕ್ಕೊಂದು ಹೆಣೆದು ಮಾಲೆ ಮಾಡಿದರು. ನಮ್ಮ ಓಣಿಯಲ್ಲಿ ಉರ್ದು ಮಾತಾಡುವ ನೆರೆಯ ಮನೆಯವರು ನೋಡಿ "ಗುಲ್-ಎ-ಅಬ್ಬಾಸ್" ಎಂದು ಗುರುತು ಹಿಡಿದರು.

ಆದರೆ ಆರು ಗಿಡದಲ್ಲಿ ರಾಣಿ ಬಣ್ಣ, ಐದರಲ್ಲಿ ತಿಳಿ ಗುಲಾಬಿ. ಬಿಳಿ ಒಂದೂ ಇಲ್ಲ. ಅವ್ವ ಕಟ್ಟೆಯ ಮೇಲೆ ಕುಳಿತು ವಾಸನೆ ಹಿಡಿದು, "ಅರಳ್ಯಾವ ಏನ?" ಎಂದು ಕೇಳುತ್ತಿದ್ದಳು. ನನಗೆ ಹೇಗೋ ಆಯಿತು. "ನೀ ಬಿಳೀ ಗಿಡದ್ದೇ ಬೀಜ ತಂದಿದ್ದಿಲ್ಲೇನ?" ಎಂದೆ. "ಗಿಡದ ಬುಡಕ ಬಿದ್ದದ್ದು ಆರಿಸಿದೆ. ಎಲ್ಲಾ ಕೂಡೇ ಬಿದ್ದಿರ್ತಾವ. ಬಾಳಿ ಕಂದ ಹಚ್ಚಿದ್ರ ಕೆಂಪ ಬಾಳಿನೇ ಬರ್ತದ. ಹೂವಿನ ಬೀಜ ಹಂಗಲ್ಲವ್ವಾ" ಎಂದಳು.

ಇಡೀ ವಿಷಯ ಅವ್ವನ ಈ ಮಾತಿನಲ್ಲಿತ್ತು. ಕಮಲಾಪುರದ ಕೆಂಪು ಬಾಳೆಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಬಾಳೆ ಕಂದಿನಿಂದ ಬೆಳೆಯುತ್ತದೆ. ಕಂದು ತಾಯಿಯ ಒಂದು ತುಂಡೇ. ಬೀಜ ಹಾಗಲ್ಲ, ಅದಕ್ಕೆ ತಾಯಿಯೂ ಇದೆ, ತಂದೆಯೂ ಇದೆ. ನಾವು ತಾಯಿ ಗಿಡವನ್ನಷ್ಟೇ ನೋಡಿ ಬೀಜ ಎತ್ತುತ್ತೇವೆ. ಪರಾಗ ಎಲ್ಲಿಂದ ಬಂತೆಂದು ನೋಡುವುದಿಲ್ಲ. ಮುಸ್ಸಂಜೆಯಲ್ಲಿ ಉದ್ದ ಸೊಂಡಿಲಿನ ದೊಡ್ಡ ಪತಂಗ ಬಂದು ಕೆಂಪು ಹೂವಿನ ಪರಾಗವನ್ನು ಬಿಳಿ ಹೂವಿಗೆ ಮುಟ್ಟಿಸಿ ಹೋಗಿರುತ್ತದೆ.

ಎರಡು ಸಂಜೆಹೂವು, ಒಂದು ಶಾಸ್ತ್ರ

ಕೃಷಿ ಪದವಿ ಓದುತ್ತಿರುವ ಮಗಳು ಪುಸ್ತಕ ತೆರೆದು ತೋರಿಸಿದಳು. ಗ್ರೆಗರ್ ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡುಕೊಂಡ ನಿಯಮವನ್ನು ಲೋಕ ಮರೆತಿತ್ತು. 1900ರಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಮತ್ತು ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಇದ್ದರು. ಕೊರೆನ್ಸ್ ಪ್ರಯೋಗ ಮಾಡಿದ ಗಿಡಗಳಲ್ಲಿ ನಮ್ಮ ಈ ಸಂಜೆಮಲ್ಲಿಗೆಯೂ ಒಂದು. ಕೆಂಪಿಗೆ ಬಿಳಿ ಕೂಡಿಸಿದರೆ ಮೊದಲ ಪೀಳಿಗೆ ಎಲ್ಲ ಗುಲಾಬಿ. ಆ ಗುಲಾಬಿ ತನ್ನದೇ ಪರಾಗದಿಂದ ಬೀಜ ಕಟ್ಟಿದರೆ ಸರಾಸರಿ ನಾಲ್ಕರಲ್ಲಿ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಹಳದಿ ಬಣ್ಣ ಸೇರಿದರೆ ಲೆಕ್ಕ ಇನ್ನೂ ಗೋಜಲು.

ಡಿ ವ್ರೀಸ್ ವರ್ಷಗಟ್ಟಲೆ ಬೆಳೆಸಿದ್ದೂ ಸಂಜೆ ಅರಳುವ ಹೂವನ್ನೇ. ಅದು ಅಮೆರಿಕ ಮೂಲದ ಈವ್ನಿಂಗ್ ಪ್ರಿಮ್ರೋಸ್. ಮಗಳು ಆಸೆಪಟ್ಟು ಅದರ ಬೀಜವನ್ನೂ ತರಿಸಿದ್ದಳು. ಸಾಸಿವೆಗಿಂತ ಸಣ್ಣ ಬೀಜ. ಅದಕ್ಕೆ ಮೊಳೆಯಲು ಬೆಳಕು ಬೇಕು, ಮಣ್ಣು ಮುಚ್ಚದೆ ಮೇಲೆಯೇ ಉದುರಿಸಬೇಕು. ನವೆಂಬರಿನಲ್ಲಿ ಹಾಕಿದೆವು. ಮೊಳೆತು, ಎಲೆಗಳು ನೆಲಕ್ಕೆ ಅಂಟಿದ ಚಕ್ರದಂತೆ ಹರಡಿದವು. ಆ ಗಿಡ ಸಾಮಾನ್ಯವಾಗಿ ಮೊದಲ ವರ್ಷ ಹೀಗೇ ಇದ್ದು, ಚಳಿಗಾಲ ಕಳೆದು ಎರಡನೆಯ ವರ್ಷ ಹಳದಿ ಹೂ ಬಿಡುವಂಥದ್ದು. ನಮ್ಮ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದಾಗ ಎಲ್ಲ ಸುಟ್ಟು ಹೋದವು. ತಂಪು ಸೀಮೆಯ ಗಿಡವನ್ನು ಕಲಬುರಗಿಗೆ ತಂದು ಹಟ ಮಾಡಿದ್ದು ನಮ್ಮ ತಪ್ಪು. ಸಂಜೆಮಲ್ಲಿಗೆಯೂ ಅಮೆರಿಕ ಖಂಡದಿಂದಲೇ ಬಂದದ್ದು. ಆದರೆ ಅದು ಅಲ್ಲಿನ ಬಿಸಿ ಸೀಮೆಯದು, ನಮ್ಮಲ್ಲಿ ಒಗ್ಗಿಕೊಂಡಿದೆ.

ಬಿಳಿ ಉಳಿಸಿದ ಬಗೆ

ದೀಪಾವಳಿಗೆ ಕಮಲಾಪುರಕ್ಕೆ ಹೋದೆ. ತಮ್ಮ ಹೇಳಿದ, "ಅಕ್ಕಾ, ಬ್ಯಾಸಿಗ್ಯಾಗ ಹಿತ್ತಲದಾಗ ಖೋಲಿ ಕಟ್ಟಸ್ತೀವಿ." ಅಂದರೆ ಗಿಡ ಉಳಿಯುವುದಿಲ್ಲ. ಸಂಜೆಯವರೆಗೆ ಕಾದು ನೋಡಿದರೆ ಬಿಳಿ ಹೂವಿನ ಗಿಡ ಒಂದೇ ಇತ್ತು. ಅದನ್ನು ಉಳಿಸಿಕೊಳ್ಳಲು ಎರಡು ದಾರಿ ಹಿಡಿದೆ.

ಒಂದು, ಚೀಲ ಕಟ್ಟುವುದು. ಮಧ್ಯಾಹ್ನ ಮೂರಕ್ಕೆ, ಅಂದು ಅರಳಲಿರುವ ಮೊಗ್ಗುಗಳ ಗೊಂಚಲಿಗೆ ತೆಳು ಮಲ್ ಬಟ್ಟೆಯ ಚೀಲ ತೊಡಿಸಿ ಕಟ್ಟಿದೆ. ಪತಂಗ ಒಳಗೆ ಹೋಗುವಂತಿಲ್ಲ. ಪತಂಗ ಬರದಿದ್ದರೂ ಈ ಹೂ ಬೀಜ ಕಟ್ಟುತ್ತದೆ. ಮುದುಡುವಾಗ ಕೇಸರಗಳು ಸುರುಳಿ ಸುತ್ತಿ ತನ್ನ ಪರಾಗ ತನಗೇ ಮುಟ್ಟುತ್ತದೆ. ಹೂ ಬಾಡಿದ ಮೇಲೆ ಚೀಲ ಬಿಚ್ಚಿ, ಅದೇ ಹೂಗಳ ಬುಡಕ್ಕೆ ಗುರುತಿಗೆ ಕೆಂಪು ದಾರ ಕಟ್ಟಿದೆ. ನಾಲ್ಕು ದಿನ ಹೀಗೆ ಮಾಡಿ ಬಂದೆ. ಒಂದು ಹೂವಿಗೆ ಒಂದೇ ಬೀಜ. ಮೆಣಸಿನ ಕಾಳಿನಂತೆ ಕಪ್ಪಾದಾಗ ತಾನೇ ಉದುರುತ್ತದೆ. ಉದುರುವ ಮುನ್ನ ಆರಿಸಲು ತಮ್ಮನ ಹೆಂಡತಿಗೆ ಹೇಳಿದ್ದೆ. ಒಂಬತ್ತು ಬೀಜ ಸಿಕ್ಕವು.

ಇನ್ನೊಂದು, ಗೆಡ್ಡೆ ಕೀಳುವುದು. ಈ ಗಿಡದ ಬೇರು ಗೆಣಸಿನಂತೆ ದಪ್ಪ. ಮೇಲಿನ ಗಿಡ ಒಣಗಿದರೂ ಗೆಡ್ಡೆ ನೆಲದಲ್ಲಿ ಬದುಕಿರುತ್ತದೆ. ಅದರಿಂದ ಬರುವ ಚಿಗುರು ತಾಯಿಯೇ, ಬಾಳೆ ಕಂದಿನ ಹಾಗೆ. ಜನವರಿಯಲ್ಲಿ ಹೋಗಿ ಒಂದು ಮೊಳ ದೂರದಿಂದ ಅಗೆದು ಎತ್ತಿದೆ. ತುದಿ ಮುರಿಯಿತು. ಗಾಯಕ್ಕೆ ಬೂದಿ ಹಚ್ಚಿ ಎರಡು ದಿನ ನೆರಳಲ್ಲಿಟ್ಟು, ತಲೆ ಮಣ್ಣಿನ ಮಟ್ಟಕ್ಕೆ ಬರುವಂತೆ ತೂತು ಬಿದ್ದ ಬಕೆಟ್ಟಿನಲ್ಲಿ ನೆಟ್ಟೆ. ನೀರು ಕಡಿಮೆ ಕೊಟ್ಟೆ. ಮಾರ್ಚಿನಲ್ಲಿ ಚಿಗುರಿತು.

2022ರ ಜೂನಿನಲ್ಲಿ ಆ ಒಂಬತ್ತು ಬೀಜ ಊರಿದೆ. ಏಳು ಹುಟ್ಟಿದವು. ಏಳೂ ಬಿಳಿ! ಗೆಡ್ಡೆಯ ಗಿಡವೂ ಬಿಳಿ. ಆ ದಿನ ಅವ್ವ "ಅಕೋ, ಅರಳ್ಯಾವ" ಎಂದು ತಾನೇ ಹೇಳಿದಳು. ಕಮಲಾಪುರದ ಹಿತ್ತಲದಲ್ಲಿ ಈಗ ಖೋಲಿ ಇದೆ.

ಒಂದು ಎಚ್ಚರಿಕೆ: ಇದರ ಬೀಜ ಮತ್ತು ಗೆಡ್ಡೆ ವಿಷ. ತಿಂದರೆ ವಾಂತಿ, ಭೇದಿ ಆಗುತ್ತದೆ. ನೋಡಲು ಮೆಣಸಿನ ಕಾಳಿನಂತೆಯೇ ಇರುವುದರಿಂದ ಅಡುಗೆಮನೆಯಲ್ಲಿ ಇಡಬೇಡಿ. ಮಕ್ಕಳಿಗೆ ತಿಳಿಸಿ ಹೇಳಿ.

ತೊಗರಿಗೂ ಇದೇ ಮಾತು

ಈ ಹೂವಿನ ಗದ್ದಲದಲ್ಲಿ ನಮ್ಮ ಹೊಲದ ತಪ್ಪೂ ಕಣ್ಣಿಗೆ ಬಿತ್ತು. ನಾವು ಮನೆಯ ತೊಗರಿ ಬೀಜವನ್ನೇ ಬಿತ್ತುವವರು. ನಾಲ್ಕೈದು ವರ್ಷದಿಂದ ಬೆಳೆ ಒಂದೇ ಸಮ ಬರುತ್ತಿರಲಿಲ್ಲ. ಕೆಲವು ಎತ್ತರ, ಕೆಲವು ಗಿಡ್ಡ, ಕೆಲವು ತಡವಾಗಿ ಹೂ. ಬೀಜದ ಗುಣ ಕೆಟ್ಟಿತು ಎಂದುಕೊಂಡಿದ್ದೆವು. ತೊಗರಿ ಹೂ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ ಜೇನ್ನೊಣಗಳು ಗಣನೀಯವಾಗಿ ಬೆರಕೆ ಮಾಡುತ್ತವೆ. ನಾವು ಬೀಜಕ್ಕೆಂದು ರಾಶಿ ತೆಗೆಯುತ್ತಿದ್ದುದು ಬದುವಿನ ಹತ್ತಿರದ ಸಾಲುಗಳಿಂದ, ಏಕೆಂದರೆ ಗಾಡಿಗೆ ಹತ್ತಿರ. ಬದುವಿನಾಚೆ ನೆರೆಯವರದು ಬೇರೆ ತಳಿ!

ಈಗ ಹೊಲದ ನಡುವೆ ಬೀಜಕ್ಕೆಂದೇ ಒಂದು ತುಂಡು ಗುರುತು ಮಾಡುತ್ತೇವೆ. ಹೂ ಬಿಡುವ ಹೊತ್ತಿಗೆ ಒಮ್ಮೆ ತಿರುಗಾಡಿ ಹೂವಿನ ಬಣ್ಣ, ಎತ್ತರ ಬೇರೆ ಕಂಡ ಗಿಡ ಕಿತ್ತುಹಾಕುತ್ತೇವೆ. ಪ್ರಮಾಣಿತ ಬೀಜ ಬೆಳೆಯುವವರು ಬೇರೆ ತಳಿಯಿಂದ 100 ಮೀಟರ್ ದೂರ ಇಡಬೇಕು. ನಮ್ಮ ಮೂರು ಎಕರೆಯಲ್ಲಿ ಅಷ್ಟು ಸಾಧ್ಯವಿಲ್ಲ. ನಡುವಿನ ಬೀಜ, ಕಲಬೆರಕೆ ಕೀಳುವುದು, ಇಷ್ಟರಿಂದಲೇ ಬೆಳೆ ಮೊದಲಿಗಿಂತ ಸಮನಾಗಿದೆ.

ಬೀಜ ಎತ್ತುವಾಗ ತಾಯಿಯನ್ನಷ್ಟೇ ಅಲ್ಲ, ನೆರೆಯನ್ನೂ ನೋಡಿ. ನಿಮ್ಮಲ್ಲಿ ಹಳೆಯ ಹೂವಿನದೋ ಕಾಳಿನದೋ ತಳಿಯನ್ನು ಬೆರಕೆಯಾಗದಂತೆ ಉಳಿಸಿದವರಿದ್ದರೆ ಹೇಗೆಂದು ಬರೆಯಿರಿ. ಬಿಳಿ ಸಂಜೆಮಲ್ಲಿಗೆ ಬೀಜ ಈಗ ನಮ್ಮಲ್ಲಿ ಧಾರಾಳವಾಗಿದೆ. ಎಲ್ಲವೂ ಚೀಲ ಕಟ್ಟಿ ತೆಗೆದದ್ದು.