ಪಶುಶರೀರದಲ್ಲಿ ರಕ್ಷಕ ಕಣಗಳ ಸಂಚಾರದ ಲೆಕ್ಕ

ಕುರಿಯ ಹಿಂಗಾಲಿನ ಗ್ರಂಥಿಯೊಂದರಿಂದ ಹೊರಡುವ ದುಗ್ಧರಸವನ್ನು ಸಣ್ಣ ಕೊಳವೆಯಿಂದ ಹಿಡಿದು ಪರೀಕ್ಷಿಸಲಾಗಿ, ಅದರೊಳಗಿನ ಲಿಂಫೋಸೈಟ್ ಎಂಬ ಬಿಳಿಯ ಕಣಗಳಲ್ಲಿ ಬಹುಪಾಲು ಆ ಗ್ರಂಥಿಯಲ್ಲಿ ಹುಟ್ಟಿದವುಗಳಲ್ಲ, ರಕ್ತದಿಂದ ಬಂದವುಗಳೆಂದು ಹಾಲ್ ಮತ್ತು ಮಾರಿಸ್ ಎಂಬ ವಿದ್ವಾಂಸರು 1965ರಲ್ಲಿ ತೋರಿಸಿದರು. ಅವು ರಕ್ತಕ್ಕೂ ರಸಕ್ಕೂ ಸುತ್ತುತ್ತಲೇ ಇರುವುವೆಂದು ಗೋವನ್ಸರು 1959ರಲ್ಲಿಯೇ ಇಲಿಗಳಲ್ಲಿ ಸಿದ್ಧಪಡಿಸಿದ್ದರು.

ಗಣಿತಜ್ಞರು ಇದಕ್ಕೆ ಹಾಕುವ ಲೆಕ್ಕವು ಕೆರೆಯ ನೀರಿನ ಲೆಕ್ಕವೇ. ತೂಬನ್ನು ಕಾಯ್ದವರಿಗೆ ಕಠಿನವಲ್ಲ. ಗ್ರಂಥಿಯೊಳಗಿನ ಕಣಗಳ ಮೊತ್ತವನ್ನು ಗಂಟೆಗೆ ಹೊರಡುವ ಕಣಗಳ ಸಂಖ್ಯೆಯಿಂದ ಭಾಗಿಸಿದರೆ, ಅವು ಅಲ್ಲಿ ತಂಗುವ ಕಾಲವು ತಿಳಿಯುವುದು. ಅದು ಹೆಚ್ಚುಕಡಮೆ ಒಂದು ದಿವಸ.

ಲಸಿಕೆ ಹಾಕಿಸಿದ ದಿನವೇ ದನಕ್ಕೆ ರಕ್ಷಣೆಯುಂಟಾಗದು. ತಕ್ಕ ಕಣವು ಸುತ್ತುತ್ತ ಬಂದು ಲಸಿಕೆ ಸೇರಿದ ಗ್ರಂಥಿಯನ್ನು ಹೊಗಬೇಕು, ಅಲ್ಲಿ ನಿಂತು ವೃದ್ಧಿಹೊಂದಬೇಕು, ಪುನಃ ರಕ್ತಕ್ಕಿಳಿಯಬೇಕು. ಇದಕ್ಕೆ ಒಂದೆರಡು ವಾರ ಹಿಡಿಯುವುದು. ಆದಕಾರಣ ದನಗಳನ್ನು ಜಾತ್ರೆಗೆ ಹೊಡೆಯುವುದಕ್ಕೆ ಮೂರು ವಾರ ಮುಂಚಿತವಾಗಿಯೇ ಕಾಲುಬಾಯಿ ಜ್ವರದ ಲಸಿಕೆ ಹಾಕಿಸತಕ್ಕದ್ದು.