ಗೂಡು ಖಾಲಿಯಾದಾಗ...

ರಾತ್ರಿ ಹುಲ್ಲು ಮೆದ್ದ ಗಿನಿಪಿಗ್ ಬೆಳಗ್ಗೆ ಅಲುಗದೆ ಮಲಗಿದೆಯೇ? ಮೊದಲು ನಿಮ್ಮನ್ನು ನೀವೇ ಬೈದುಕೊಳ್ಳುವುದನ್ನು ಬಿಡಿ. ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಈ ಜೀವಿ ಕಾಯಿಲೆಯನ್ನು ಕೊನೆವರೆಗೂ ಮುಚ್ಚಿಡುತ್ತದೆ. ನ್ಯುಮೋನಿಯಾ, ಹೊಟ್ಟೆಯುಬ್ಬರ, ಪುತ್ತೂರು, ಸುಳ್ಯ, ಕಡಬದ ಏಪ್ರಿಲ್ ಸೆಕೆ - ಯಾವುದೂ ಕಾರಣವಿರಬಹುದು. ತಿಳಿಯಲೇಬೇಕೆಂದರೆ ದೇಹವನ್ನು ತಂಪಾದ ಕಡೆ ಇಟ್ಟು, ಅಂದೇ ಪಶುವೈದ್ಯರಲ್ಲಿ ಮರಣೋತ್ತರ ಪರೀಕ್ಷೆ ಕೇಳಿ.

ಮಕ್ಕಳಿಗೆ ‘ನಿದ್ದೆ ಮಾಡಿದೆ’ ಅನ್ನಬೇಡಿ, ಆಮೇಲೆ ಮಲಗೋಕೇ ಹೆದರ್ತಾರೆ. ‘ಸತ್ತುಹೋಯ್ತು, ಇನ್ನು ಬರಲ್ಲ’ ಅಂತ ನಿಧಾನಕ್ಕೆ ಹೇಳಿ. ಹಿತ್ತಲಲ್ಲಿ ಆಳವಾಗಿ ಹೂಳುವಾಗ ಅವರೇ ಒಂದು ಹೂವಿಡಲಿ.

ಜೊತೆಗಾರ ಉಳಿದಿದೆಯೇ? ಗೂಡು ತೊಳೆದು ಒಣಗಿಸಿ. ಅರ್ಧ ದಿನ ಮೇವು ಮುಟ್ಟದಿದ್ದರೆ ಡಾಕ್ಟರ ಬಳಿ ಒಯ್ಯಿರಿ. ವಿಟಮಿನ್ ಸಿ ಅದರ ದೇಹದಲ್ಲಿ ತಯಾರಾಗದು, ದಿನಾ ದೊಣ್ಣೆಮೆಣಸು ಕೊಡಿ. ಮೈಲುತುತ್ತು ಸಿಂಪಡಿಸಿದ ಅಡಿಕೆ ತೋಟದ ಹುಲ್ಲು ಬೇಡ.

‘ಇಷ್ಟು ಸಣ್ಣ ಪ್ರಾಣಿಗೆ ಇಷ್ಟೊಂದು ಅಳುವೇ’ ಎನ್ನುವವರಿಗೆ ಉತ್ತರ ಕೊಡಬೇಕಿಲ್ಲ. ಅಳು ಬಂದರೆ ಅತ್ತುಬಿಡಿ.